ರಕ್ತದ ಕ್ಯಾನ್ಸರಿನಲ್ಲಿರುವ ಮಗುವಿಗೆ ಅನ್ನವೂ ಔಷಧವೂ

(ಓದತಕ್ಕ ವೇದಭಾಗ: ಮಾರ್ಕ 5: 21-43)

ಯಾಯೀರನ ಮಗಳ ಸಂಗತಿಯನ್ನು ನಮ್ಮ ಸಭೆಗಳಲ್ಲಿ ಕೇಳದವರು ಯಾರೂ ಇರಲಿಕ್ಕಿಲ್ಲ. ಹನ್ನೆರಡು ವರುಷದ ಹುಡುಗಿಯು ಸತ್ತು ಮಲಗಿದ್ದಳು, ಕರ್ತನು ಆಕೆಯ ಕೈಹಿಡಿದು ಎಬ್ಬಿಸಿದನು, ಮನೆಯವರು ಬೆರಗಾದರು. ಪ್ರಸಂಗ ಮಾಡುವ ನಾವು ಸಾಧಾರಣವಾಗಿ ಅಲ್ಲಿಗೆ ನಿಲ್ಲಿಸಿ ಕೀರ್ತನೆ ಹಾಡಿಸುತ್ತೇವೆ. ಆದರೆ ಸುವಾರ್ತಿಕನು ಅಲ್ಲಿಗೆ ನಿಲ್ಲಿಸಲಿಲ್ಲ. ಕಡೆಯ ವಚನದಲ್ಲಿ ಕರ್ತನು ಎರಡು ಅಪ್ಪಣೆಗಳನ್ನು ಕೊಟ್ಟನೆಂದು ಬರೆದಿದ್ದಾನೆ. ಇದನ್ನು ಯಾರಿಗೂ ತಿಳಿಸಬಾರದೆಂಬದು ಒಂದು. ಹುಡುಗಿಗೆ ಉಣ್ಣಲಿಕ್ಕೆ ಕೊಡಬೇಕೆಂಬದು ಇನ್ನೊಂದು. ಸತ್ತವಳನ್ನು ಎಬ್ಬಿಸಬಲ್ಲಾತನು ಆಕೆಯ ಹಸಿವೆಯನ್ನೂ ಅದೇ ಮಾತಿನಿಂದ ತೀರಿಸಬಹುದಾಗಿತ್ತು. ಹಾಗೆ ಮಾಡದೆ ಆ ಕೆಲಸವನ್ನು ಮನೆಯವರ ಕೈಗೆ ಒಪ್ಪಿಸಿದನು. ಹದಿನೈದು ವರುಷ ಈ ಭಾಗವನ್ನು ಓದಿಸಿದವರಾದ ನಾವು ಆ ಎರಡನೆಯ ಅಪ್ಪಣೆಯ ಬಳಿ ಒಂದು ಸಾರಿಯಾದರೂ ನಿಂತು ಯೋಚಿಸಿದ್ದಿಲ್ಲ. ಯೋಚಿಸುವಂತೆ ಮಾಡಿದವನು ಹುಮನಾಬಾದ ತಾಲೂಕಿನ ಒಂದು ಹಳ್ಳಿಯ ಆರು ವರುಷದ ಹುಡುಗನು.

ಆ ಹುಡುಗನ ಹೆಸರನ್ನೂ ಊರನ್ನೂ ಇಲ್ಲಿ ಹೇಳುವದಿಲ್ಲ. ಸುಗ್ಗಿಯ ಕಾಲದಲ್ಲಿ ಅವನ ಮನೆಗೆ ಹೋದಾಗ ಅವನು ಆಟಕ್ಕೆ ಹೋಗದೆ ತಾಯಿಯ ಸೆರಗಿನ ಬಳಿ ಕುಳಿತಿದ್ದನು. ಮುಖವು ಬಿಳಿಚಿಕೊಂಡಿತ್ತು. ರಾತ್ರಿ ಕಾಲು ನೋಯುತ್ತವೆಂದು ಅಳುತ್ತಾನೆ, ಜ್ವರ ಬಂದು ಬಂದು ಹೋಗುತ್ತದೆ ಎಂದು ತಾಯಿ ಹೇಳಿದಳು. ಬೆಳೆಯುವ ಮಕ್ಕಳಿಗೆ ಕಾಲು ನೋಯುವದು ಸಹಜವೆಂದು ಅಜ್ಜಿ ಅಂದಳು. ನಾವು ಕಣ್ಣಿನ ಕೆಳರೆಪ್ಪೆಯನ್ನು ಎಳೆದು ನೋಡಿ, ರಕ್ತ ಕಡಿಮೆಯಾಗಿದೆಯೆಂದು ದೊಡ್ಡ ವೈದ್ಯರಂತೆ ನುಡಿದು, ಪೇಟೆಯಿಂದ ಕಬ್ಬಿಣದ ಟಾನಿಕ್ಕಿನ ಬಾಟಲಿಯನ್ನು ತಂದುಕೊಟ್ಟೆವು, ಪ್ರಾರ್ಥನೆಯನ್ನೂ ಮಾಡಿದೆವು. ಒಂದು ಬಾಟಲಿ ಮುಗಿಯಿತು, ಎರಡನೆಯದೂ ಮುಗಿಯಿತು. ಐದು ವಾರವಾದ ಮೇಲೆ ಅವನ ಮೊಣಕಾಲಿನ ಕೆಳಗೆ ನೀಲಿ ಕಲೆಗಳು ಕಾಣಿಸಿದವು. ಮಾಸ್ತರರು ಹೊಡೆದರೋ ಎಂದು ಕೇಳಿದೆವು. ಮರುದಿನ ಹಲ್ಲುಜ್ಜುವಾಗ ವಸಡಿನಿಂದ ಸುರಿದ ರಕ್ತವು ನಿಲ್ಲಲಿಲ್ಲ. ಆಗ ಕಲಬುರಗಿಗೆ ಕರೆದುಕೊಂಡು ಹೋದೆವು. ರಕ್ತಪರೀಕ್ಷೆ, ಮಜ್ಜೆಯ ಪರೀಕ್ಷೆಗಳಾದ ಮೇಲೆ ಲ್ಯುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರು ಎಂದು ತಿಳಿಯಿತು. ಟಾನಿಕ್ಕು ಎಷ್ಟು ದಿನದಿಂದ ಕೊಟ್ಟಿರಿ ಎಂದು ಡಾಕ್ಟರಮ್ಮನವರು ಕೇಳಿದಾಗ ತಾಯಿಯು ನಮ್ಮ ಮುಖವನ್ನು ನೋಡಿದಳು. ಆ ನೋಟವು ನಮ್ಮನ್ನು ಇಂದಿಗೂ ಬಿಟ್ಟಿಲ್ಲ. ಆದಕಾರಣ ತಪ್ಪನ್ನು ಒಪ್ಪಿಕೊಂಡು, ಆ ದಿನದಿಂದ ದವಾಖಾನೆಗಳಲ್ಲಿ ಕೇಳಿಯೂ ಪುಸ್ತಕಗಳಲ್ಲಿ ಓದಿಯೂ ತಿಳಿದುಕೊಂಡದ್ದನ್ನು ಈ ಪಾಠದಲ್ಲಿ ಬರೆಯುತ್ತೇವೆ.

ಮೊದಲು ರೋಗವೇನೆಂಬದನ್ನು ತಿಳಿಯೋಣ. ನಮ್ಮ ಎಲುಬುಗಳ ಒಳಗೆ ಮಜ್ಜೆಯೆಂಬ ಮೆತ್ತಗಿನ ಪದಾರ್ಥವಿದೆ. ರಕ್ತವು ಹುಟ್ಟುವ ಹೊಲವು ಅದೇ. ಉಸಿರನ್ನು ಹೊರುವ ಕೆಂಪು ಕಣಗಳು, ಸೋಂಕಿನೊಂದಿಗೆ ಹೋರಾಡುವ ಬಿಳಿ ಕಣಗಳು, ಗಾಯದಲ್ಲಿ ರಕ್ತವನ್ನು ಹೆಪ್ಪುಗಟ್ಟಿಸುವ ಕಿರುಬಿಲ್ಲೆಗಳು, ಈ ಮೂರೂ ಅಲ್ಲಿ ಬೆಳೆಯುತ್ತವೆ. ಲ್ಯುಕೇಮಿಯಾದಲ್ಲಿ ಒಂದು ಜಾತಿಯ ಎಳೆಯ ಬಿಳಿ ಕಣವು ಕೆಟ್ಟು, ಬಲಿಯದೆ, ಲೆಕ್ಕವಿಲ್ಲದೆ ಹೆಚ್ಚಿ, ಕರಿಕೆ ಹಬ್ಬಿದಂತೆ ಹೊಲವನ್ನೆಲ್ಲಾ ತುಂಬುತ್ತದೆ. ಒಳ್ಳೆಯ ಬೆಳೆಗೆ ಸ್ಥಳವಿಲ್ಲದೆ ಹೋಗುತ್ತದೆ. ಮುಖ ಬಿಳಿಚುವದು, ಜ್ವರ ಬಿಡದಿರುವದು, ನೀಲಿ ಕಲೆ ಬೀಳುವದು, ಎಲುಬು ನೋಯುವದು ಎಲ್ಲವೂ ಇದರಿಂದಲೇ. ಕುತ್ತಿಗೆಯಲ್ಲಿ ಗಂಟುಗಳೂ ಹೊಟ್ಟೆಯಲ್ಲಿ ಉಬ್ಬರವೂ ಕಾಣಬಹುದು. ಮಕ್ಕಳಿಗೆ ಬರುವ ಕ್ಯಾನ್ಸರುಗಳಲ್ಲಿ ಇದೇ ಹೆಚ್ಚು. ಇದು ಅಂಟುರೋಗವಲ್ಲ, ತಾಯಿಯ ಅಡಿಗೆಯ ದೋಷದಿಂದ ಬಂದದ್ದಲ್ಲ, ತಂದೆತಾಯಿಗಳ ಪಾಪದ ಫಲವೂ ಅಲ್ಲ. ಹುಟ್ಟುಕುರುಡನ ವಿಷಯದಲ್ಲಿ ಶಿಷ್ಯರು ಇಂಥ ಪ್ರಶ್ನೆಯನ್ನೇ ಕೇಳಿ ಕರ್ತನಿಂದ ಏನು ಉತ್ತರ ಪಡೆದರೆಂಬದನ್ನು ಯೋಹಾನನ 9ನೆಯ ಅಧ್ಯಾಯದಲ್ಲಿ ನೋಡಿರಿ.

ಹೊಲದಲ್ಲಿ ಕರಿಕೆ ತುಂಬಿರುವಾಗ ಕಬ್ಬಿಣದ ಟಾನಿಕ್ಕು ಏನು ಮಾಡೀತು? ಬೀಜಕ್ಕೆ ಸ್ಥಳವೇ ಇಲ್ಲದ ನೆಲಕ್ಕೆ ಗೊಬ್ಬರ ಹೊತ್ತಂತಾಯಿತು. ಬೀಟ್‌ರೂಟ್, ದಾಳಿಂಬೆ, ಖರ್ಜೂರಗಳು ರಕ್ತವನ್ನು ಹೆಚ್ಚಿಸುತ್ತವೆಂದು ಜನರು ಹೇಳುತ್ತಾರೆ. ಅವು ಒಳ್ಳೆಯ ಆಹಾರವೇ. ಆದರೆ ಈ ರೋಗದ ಬಿಳುಪನ್ನು ಅವು ತೆಗೆಯಲಾರವು. ಟಾನಿಕ್ಕು ಕುಡಿದರೂ ಒಂದು ತಿಂಗಳಲ್ಲಿ ಮುಖಕ್ಕೆ ಬಣ್ಣ ಬಾರದಿದ್ದರೆ, ಇಲ್ಲವೆ ಬಿಳುಪಿನ ಸಂಗಡ ಜ್ವರ, ಎಲುಬುನೋವು, ನೀಲಿ ಕಲೆ ಇವುಗಳಲ್ಲಿ ಒಂದಿದ್ದರೂ, ಎರಡನೆಯ ಬಾಟಲಿಯನ್ನು ಕೊಳ್ಳದೆ ರಕ್ತಪರೀಕ್ಷೆ ಮಾಡಿಸಬೇಕು.

ಇಲ್ಲಿ ಒಂದು ಚರಿತ್ರೆಯನ್ನು ಹೇಳದೆ ಮುಂದೆ ಹೋಗಲಾರೆವು. ಯಾಕಂದರೆ ಅದರಲ್ಲಿ ನಮ್ಮ ದೇಶದ ಬಡ ಹೆಂಗಸರಿಗೂ ನಮ್ಮ ನೆರೆಯ ಆಂಧ್ರದವರೊಬ್ಬರಿಗೂ ಪಾಲಿದೆ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆಯು ಮುಂಬಯಿಗೆ ಬಂದು, ಬಟ್ಟೆಯ ಗಿರಣಿಗಳಲ್ಲಿ ದುಡಿಯುವ ಬಸುರಿಯರು ರಕ್ತವಿಲ್ಲದೆ ಸಾಯುವ ಕಾರಣವನ್ನು ಹುಡುಕಿದಳು. ಯೀಸ್ಟಿನ ಸಾರವಾದ ಮಾರ್ಮೈಟ್ ಎಂಬದನ್ನು ಕೊಟ್ಟಾಗ ಅವರು ಚೇತರಿಸಿಕೊಂಡರೆಂದು 1931ರಲ್ಲಿ ಪ್ರಕಟಿಸಿದಳು. ಅದರೊಳಗಿದ್ದ ಸತ್ವವು ಸೊಪ್ಪುಗಳಲ್ಲಿಯೂ ಇದೆ. ಅದಕ್ಕೆ ಆಮೇಲೆ ಫೋಲಿಕ್ ಆಮ್ಲವೆಂಬ ಹೆಸರಾಯಿತು. ಭೀಮವರಂನಲ್ಲಿ 1895ರಲ್ಲಿ ಹುಟ್ಟಿ ಅಮೇರಿಕಕ್ಕೆ ಹೋಗಿದ್ದ ಯಲ್ಲಾಪ್ರಗಡ ಸುಬ್ಬರಾವ್ ಎಂಬವರು ತಮ್ಮ ಜೊತೆಗಾರರೊಂದಿಗೆ ಅದನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದರು. ಬಸುರಿಯರ ರಕ್ತವನ್ನು ಹೆಚ್ಚಿಸುವ ಈ ಸತ್ವವು ರಕ್ತದ ಕ್ಯಾನ್ಸರಿನ ಮಕ್ಕಳಿಗೂ ಒಳಿತನ್ನು ಮಾಡೀತೆಂದು ನೆನಸಿ ಬಾಸ್ಟನ್ ಪಟ್ಟಣದ ಸಿಡ್ನಿ ಫಾರ್ಬರ್ ಎಂಬ ವೈದ್ಯನು ಅದೇ ಬಗೆಯ ಪದಾರ್ಥಗಳನ್ನು ಕೊಟ್ಟು ನೋಡಿದನು. ರೋಗವು ಕಡಿಮೆಯಾಗುವ ಬದಲು ವೇಗದಿಂದ ಬೆಳೆದಂತೆ ಆತನಿಗೆ ಕಂಡಿತು. ಹಾಗಾದರೆ ಈ ಸತ್ವವನ್ನು ತಡೆಯುವ ಔಷಧವೇ ಬೇಕೆಂದು ಆತನು ತಿರುಗಿ ಯೋಚಿಸಿದನು. ಅಂಥ ಔಷಧವಾದ ಅಮಿನಾಪ್ಟೆರಿನ್ ಎಂಬದನ್ನು ಸುಬ್ಬರಾಯರ ತಂಡವೇ ಮಾಡಿಕೊಟ್ಟಿತು. 1948ರ ಜೂನ್‌ನಲ್ಲಿ ಫಾರ್ಬರನು ಪ್ರಕಟಿಸಿದ ವರದಿಯಂತೆ 16 ಮಕ್ಕಳಲ್ಲಿ 10 ಮಂದಿಗೆ ಗುಣ ಕಂಡಿತು. ಆ ಗುಣವು ಕೆಲವು ತಿಂಗಳು ಮಾತ್ರ ನಿಂತಿತು. ಆದರೂ ಅದುವರೆಗೆ ಈ ರೋಗಕ್ಕೆ ಬಾಗಿಲೇ ಇದ್ದಿಲ್ಲ, ಆ ದಿನ ಬಾಗಿಲು ತೆರೆಯಿತು. ಸುಬ್ಬರಾಯರು ಅದೇ ವರುಷದ ಆಗಸ್ಟಿನಲ್ಲಿ ತೀರಿಕೊಂಡರು. ಅಮಿನಾಪ್ಟೆರಿನ್‌ನ ತಮ್ಮನಂತಿರುವ ಮೆಥೊಟ್ರೆಕ್ಸೇಟ್ ಎಂಬ ಔಷಧವನ್ನು ಇಂದಿಗೂ ನಮ್ಮ ಮಕ್ಕಳಿಗೆ ಕೊಡುತ್ತಾರೆ.

ಈ ಚರಿತ್ರೆಯಿಂದ ಹಳ್ಳಿಯ ಮನೆಗೆ ಬರುವ ಬುದ್ಧಿ ಏನಂದರೆ: ಒಬ್ಬರಿಗೆ ಜೀವವಾದ ಸತ್ವವು ಇನ್ನೊಬ್ಬರಿಗೆ ಅಡ್ಡಿಯಾಗಬಹುದು. ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವ ಮಗುವಿಗೆ ಫೋಲಿಕ್ ಆಮ್ಲದ ಗುಳಿಗೆಯನ್ನು ನಾವಾಗಿಯೇ ನುಂಗಿಸಿದರೆ ಒಂದು ಕೈಯಿಂದ ಕಟ್ಟಿದ್ದನ್ನು ಇನ್ನೊಂದು ಕೈಯಿಂದ ಕೆಡವಿದಂತಾದೀತು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಗುಳಿಗೆಯು ಬೇರೆ ಮಕ್ಕಳಿಗೆ ಬಹು ಒಳ್ಳೆಯದು. ಈ ಮಗುವಿಗೆ ಮಾತ್ರ ಡಾಕ್ಟರರನ್ನು ಕೇಳದೆ ಕೊಡಬೇಡಿರೆಂದು ತಾಯಿಯು ಮಾಸ್ತರರಿಗೆ ಹೇಳಿಡಬೇಕು. ಇದರಿಂದ ಮೆಂತೆಪಲ್ಯ, ಪಾಲಕವನ್ನು ಕೊಡಬಾರದೆಂದು ಯಾರೂ ತಿಳಿಯಬಾರದು. ನಾವು ಹೇಳುವದು ಗುಳಿಗೆಯ ಮಾತು, ಪಲ್ಯದ ಮಾತಲ್ಲ.

ಇದಕ್ಕಿಂತ ಕೆಟ್ಟ ತಪ್ಪು ಇನ್ನೊಂದಿದೆ. ಊಟವು ರೋಗವನ್ನು ಬೆಳೆಸುತ್ತದೆ, ಹಸಿದರೆ ರೋಗವು ಸಾಯುತ್ತದೆ ಎಂದು ಹೇಳುವವರಿದ್ದಾರೆ. ಬಸವಕಲ್ಯಾಣದ ಕಡೆಯ ಒಂದು ಕುಟುಂಬದವರು ಮಗುವಿಗೆ ಹಾಲು, ಮೊಟ್ಟೆ, ಬೆಲ್ಲ ಎಲ್ಲವನ್ನೂ ಬಿಡಿಸಿ ಬರೀ ಎಲೆಯ ರಸವನ್ನು ಕುಡಿಸಿದ್ದನ್ನು ಕಂಡಿದ್ದೇವೆ. ಹಸಿದರೆ ಮಗು ಸೊರಗುತ್ತದೆ. ರೋಗವು ತನಗೆ ಬೇಕಾದದ್ದನ್ನು ಮಗುವಿನ ಮಾಂಸದಿಂದಲೇ ಕಿತ್ತುಕೊಳ್ಳುತ್ತದೆ. ಗೋದಿ ಮತ್ತು ಹಣಜಿಯ ಸಾಮ್ಯದಲ್ಲಿ ಹಣಜಿಯನ್ನು ಕೀಳುವಾಗ ಗೋದಿಯೂ ಕಿತ್ತು ಬಂದೀತೆಂಬ ಭಯವಿತ್ತಲ್ಲವೇ? ಈ ಔಷಧಗಳ ಕಷ್ಟವು ಅದೇ. ಅವು ಕೆಟ್ಟ ಕಣಗಳ ಸಂಗಡ ಬಾಯಿಯ ಒಳಚರ್ಮವನ್ನೂ ಕರುಳಿನ ಪದರವನ್ನೂ ಕೂದಲನ್ನೂ ಒಳ್ಳೆಯ ಮಜ್ಜೆಯನ್ನೂ ಬಡಿಯುತ್ತವೆ. ಬಡಿದದ್ದು ತಿರಿಗಿ ಚಿಗುರಬೇಕಾದರೆ ಅನ್ನ ಬೇಕು. ಸೊರಗಿದ ಮಗುವಿಗೆ ಔಷಧದ ಬಾಧೆ ಹೆಚ್ಚು, ಸೋಂಕು ಹೆಚ್ಚು. ಆಗ ಡಾಕ್ಟರರು ಔಷಧವನ್ನು ತಡೆಹಿಡಿಯಬೇಕಾಗುತ್ತದೆ. ಚೆನ್ನಾಗಿ ಉಂಡ ಮಗುವು ಔಷಧವನ್ನು ತಾಳಿಕೊಳ್ಳುತ್ತದೆ. ಅನ್ನವು ಈ ರೋಗವನ್ನು ವಾಸಿಮಾಡುವದಿಲ್ಲ. ವಾಸಿಮಾಡುವ ಔಷಧವನ್ನು ಹೊರಲಿಕ್ಕೆ ಮಗುವಿಗೆ ಹೆಗಲನ್ನು ಕೊಡುತ್ತದೆ.

ಈಗ ಲವಣಗಳ ವಿಷಯಕ್ಕೆ ಬರೋಣ. ಕಬ್ಬಿಣ, ಸತು, ತಾಮ್ರ, ಸೆಲೆನಿಯಂ ಮೊದಲಾದವುಗಳನ್ನು ದೇವರು ನಮ್ಮ ಶರೀರದಲ್ಲಿ ಬಹು ಸ್ವಲ್ಪವಾಗಿ ಇಟ್ಟಿದ್ದಾನೆ. ಪೂರ್ಣ ಬೆಳೆದ ಮನುಷ್ಯನ ದೇಹದಲ್ಲಿ ಸತುವು ಸುಮಾರು 2 ಗ್ರಾಂ. ತಾಮ್ರವು ಒಂದು ಗ್ರಾಮಿನ ಹತ್ತನೆಯ ಒಂದು ಪಾಲು. ಉಪ್ಪು ಅಡಿಗೆಯಲ್ಲಿ ಎಷ್ಟಿರುತ್ತದೋ ಅದಕ್ಕಿಂತಲೂ ಕಡಿಮೆ. ಆದರೆ ಉಪ್ಪಿನ ಹಾಗೆಯೇ ಇಲ್ಲದಿದ್ದರೆ ನಡೆಯುವದಿಲ್ಲ, ಹೆಚ್ಚಾದರೂ ನಡೆಯುವದಿಲ್ಲ.

ಸತುವನ್ನು ದವಾಖಾನೆಯವರು ಜಿಂಕ್ ಎನ್ನುತ್ತಾರೆ. ಗಾಯ ಮಾಯುವದಕ್ಕೂ ಮಗು ಬೆಳೆಯುವದಕ್ಕೂ ಸೋಂಕನ್ನು ಎದುರಿಸುವದಕ್ಕೂ ನಾಲಿಗೆಗೆ ರುಚಿ ತಿಳಿಯುವದಕ್ಕೂ ಅದು ಬೇಕು. ಮನುಷ್ಯರಿಗೆ ಸತುವಿನ ಕೊರತೆ ಆಗಬಹುದೆಂದು ಜಗತ್ತಿಗೆ ತಿಳಿಸಿದವರೂ ನಮ್ಮ ದೇಶದಲ್ಲಿ ಹುಟ್ಟಿದವರೇ. ಬಿಹಾರದ ಆನಂದ ಪ್ರಸಾದ್ ಎಂಬ ವೈದ್ಯರು ಇರಾನ್ ದೇಶದ ಶಿರಾಜ್ ಪಟ್ಟಣದಲ್ಲಿದ್ದಾಗ, 21 ವರುಷದವನಾದರೂ 10 ವರುಷದ ಹುಡುಗನಂತಿದ್ದ ಒಬ್ಬ ರೋಗಿಯನ್ನು ಕಂಡರು. ಅವನ ಊಟವು ಹೆಚ್ಚಾಗಿ ಹುಳಿಯಿಲ್ಲದ ಗೋದಿಯ ರೊಟ್ಟಿ. ಅದರ ಮೇಲೆ ಮಣ್ಣು ತಿನ್ನುವ ಚಟ. ಇಂಥವರ ವಿಷಯವಾಗಿ ಅವರು 1961ರಲ್ಲಿ ಬರೆದರು. ಸತುವಿನ ಕೊರತೆಯೇ ಕಾರಣವೆಂಬದು ಮುಂದಿನ ವರುಷಗಳಲ್ಲಿ ಐಗುಪ್ತದಲ್ಲಿ ಸ್ಥಿರವಾಯಿತು. ಧಾನ್ಯದ ಹೊಟ್ಟಿನಲ್ಲಿರುವ ಫೈಟೇಟ್ ಎಂಬ ಪದಾರ್ಥವು ಸತುವನ್ನು ಹಿಡಿದುಕೊಂಡು ಹೊಟ್ಟೆಯಿಂದ ಹೊರಗೆ ಸಾಗಿಸುತ್ತದೆ, ಮಣ್ಣೂ ಹಾಗೆಯೇ. ಜೋಳದ ರೊಟ್ಟಿ, ಖಾರದ ಹಿಂಡಿ, ಚಹಾದಲ್ಲಿ ಅದ್ದಿದ ಟೋಸ್ಟು ಇವುಗಳಲ್ಲಿ ದಿನ ಕಳೆಯುವ ನಮ್ಮ ಬೀದರ ಜಿಲ್ಲೆಯ ಮಕ್ಕಳನ್ನು ನೆನೆದಾಗ ಶಿರಾಜಿನ ಆ ರೋಗಿಯು ನಮಗೆ ಅಷ್ಟು ದೂರದವನಾಗಿ ತೋರುವದಿಲ್ಲ.

ರಕ್ತದ ಕ್ಯಾನ್ಸರಿನ ಮಕ್ಕಳನ್ನು ಪರೀಕ್ಷಿಸಿದ ವೈದ್ಯರು ಅನೇಕ ದೇಶಗಳಲ್ಲಿ ಒಂದೇ ಬಗೆಯ ಸಂಗತಿಯನ್ನು ಕಂಡಿದ್ದಾರೆ. ರೋಗವು ಗೊತ್ತಾದ ಕಾಲದಲ್ಲಿ ರಕ್ತದಲ್ಲಿ ಸತುವು ಕಡಿಮೆ, ತಾಮ್ರವು ಹೆಚ್ಚು. ಔಷಧದಿಂದ ರೋಗವು ಅಡಗಿದಾಗ ತಾಮ್ರವು ಇಳಿಯುತ್ತದೆ, ಸತುವು ಏರುತ್ತದೆ. ಇದನ್ನು ಕೇಳಿದ ಒಬ್ಬ ತಾಯಿಯು ತನ್ನ ತವರಿನಿಂದ ಬಂದ ತಾಮ್ರದ ಕೊಡವನ್ನು ಮಾರಿಬಿಟ್ಟಳು. ಪಾಪ, ಕೊಡದ ಮೇಲೆ ತಪ್ಪಿರಲಿಲ್ಲ. ಶರೀರದಲ್ಲಿ ಉರಿಯೂತವಿರುವಾಗ ಪಿತ್ತಜನಕಾಂಗವು ತಾಮ್ರವನ್ನು ಹೊರುವ ಒಂದು ಪದಾರ್ಥವನ್ನು ಹೆಚ್ಚಾಗಿ ಮಾಡುತ್ತದೆ. ಆದುದರಿಂದ ರಕ್ತದಲ್ಲಿ ತಾಮ್ರದ ಅಂಕೆಯು ಏರುತ್ತದೆ. ಜ್ವರ ಸೋಂಕುಗಳಿರುವಾಗ ಸತುವು ರಕ್ತವನ್ನು ಬಿಟ್ಟು ಪಿತ್ತಜನಕಾಂಗಕ್ಕೆ ಸರಿಯುತ್ತದೆ. ಬೇಧಿಯಲ್ಲಿ ಹೊರಗೂ ಹೋಗುತ್ತದೆ. ಊಟ ಸೇರದಿದ್ದರೆ ಒಳಗೆ ಬರುವದೂ ಇಲ್ಲ. ಹೀಗಿರಲಾಗಿ ಚೀಟಿಯಲ್ಲಿ ಬರೆದ ಒಂದು ಅಂಕೆಯನ್ನು ನೋಡಿ ಕೊರತೆಯಿದೆ, ಇಲ್ಲ ಎಂದು ಹೇಳುವದು ಬಲ್ಲವರ ಕೆಲಸ.

ಬೇಧಿಗೆ ಆಶಾ ಕಾರ್ಯಕರ್ತೆಯರು ಓ.ಆರ್.ಎಸ್. ಪುಡಿಯ ಸಂಗಡ ಜಿಂಕ್ ಗುಳಿಗೆಯನ್ನು ಕೊಡುವದು ನಿಮಗೆ ಗೊತ್ತಿದೆ. ಆರು ತಿಂಗಳು ಮೀರಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ, ಹತ್ತರಿಂದ ಹದಿನಾಲ್ಕು ದಿನ. ನಾಲ್ಕರಿಂದ ಎಂಟು ವರುಷದ ಮಗುವಿಗೆ ದಿನದ ಅವಶ್ಯವು ಸುಮಾರು 5 ಮಿಲಿಗ್ರಾಂ ಮಾತ್ರ. ಆದಕಾರಣ ಆ ಗುಳಿಗೆಯು ಕೆಲವು ದಿನಗಳ ಔಷಧವೇ ಹೊರತು ನಿತ್ಯದ ಆಹಾರವಲ್ಲ. ತಿಂಗಳುಗಟ್ಟಲೆ ಹೆಚ್ಚಾಗಿ ಕೊಟ್ಟರೆ ಸತುವು ತಾಮ್ರವನ್ನು ಒಳಗೆ ಬರಗೊಡುವದಿಲ್ಲ; ತಾಮ್ರವಿಲ್ಲದೆ ಹೋದರೆ ರಕ್ತವು ಕಡಿಮೆಯಾಗುತ್ತದೆ, ಬಿಳಿ ಕಣಗಳೂ ಇಳಿಯುತ್ತವೆ. ಆಗ ರೋಗವು ತಿರಿಗಿ ಬಂತೋ ಔಷಧದ ಬಾಧೆಯೋ ಎಂದು ಡಾಕ್ಟರರಿಗೂ ದಿಗಿಲು. ಒಳ್ಳೆಯದನ್ನು ಹೆಚ್ಚಾಗಿ ಕೊಟ್ಟರೆ ಹೆಚ್ಚು ಒಳ್ಳೆಯದೆಂಬದು ಪ್ರೀತಿಯ ಲೆಕ್ಕವಾಗಿರಬಹುದು, ಲವಣಗಳ ಲೆಕ್ಕವಲ್ಲ.

ಕಬ್ಬಿಣದ ಮಾತು ಇನ್ನೂ ಸ್ಪಷ್ಟವಾಗಿದೆ. ಚಿಕಿತ್ಸೆಯ ಕಾಲದಲ್ಲಿ ಈ ಮಕ್ಕಳಿಗೆ ಹಲವು ಸಾರಿ ಬೇರೆಯವರ ರಕ್ತವನ್ನು ಏರಿಸುತ್ತಾರೆ. ಒಂದೊಂದು ಚೀಲ ರಕ್ತದಲ್ಲಿ 200 ಮಿಲಿಗ್ರಾಮಿಗಿಂತ ಹೆಚ್ಚು ಕಬ್ಬಿಣವಿದೆ. ಹೆಚ್ಚಾದ ಕಬ್ಬಿಣವನ್ನು ಹೊರಗೆ ಹಾಕುವ ದಾರಿಯು ನಮ್ಮ ಶರೀರದಲ್ಲಿಲ್ಲ. ಅದು ಪಿತ್ತಜನಕಾಂಗದಲ್ಲಿಯೂ ಹೃದಯದಲ್ಲಿಯೂ ಕೂಡಿಕೊಳ್ಳುತ್ತದೆ. ಅದರ ಮೇಲೆ ನಮ್ಮಂಥವರ ಟಾನಿಕ್ಕು ಬೇರೆ! ಭಸ್ಮಗಳೆಂದು ಮಾರುವ ಕೆಲವು ಪುಡಿಗಳಲ್ಲಿ ಸೀಸ, ಪಾದರಸಗಳು ಇದ್ದದ್ದು ಪರೀಕ್ಷೆಗಳಲ್ಲಿ ಗೊತ್ತಾಗಿದೆ. ಅವುಗಳನ್ನು ಈ ಮಗುವಿನ ಬಾಯಿಗೆ ಹಾಕಲೇಬಾರದು.

ಹಾಗಾದರೆ ಏನು ಕೊಡಬೇಕು? ನಮ್ಮ ಹೊಲಗಳಲ್ಲಿ ಬೆಳೆಯುವದನ್ನೇ. ತೊಗರಿ, ಹೆಸರು, ಉದ್ದು, ಕಡಲೆ, ಶೇಂಗಾ, ಎಳ್ಳು ಇವುಗಳಲ್ಲಿ ಮೈಕಟ್ಟುವ ಸತ್ವವೂ ಸತು ಮೊದಲಾದ ಲವಣಗಳೂ ಇವೆ. ಮೊಟ್ಟೆಯಲ್ಲಿಯೂ ಕೋಳಿ ಕುರಿಗಳ ಮಾಂಸದಲ್ಲಿಯೂ ಇರುವ ಸತುವು ಮೈಗೆ ಬೇಗ ಹತ್ತುತ್ತದೆ. ಕಾಳುಗಳನ್ನು ಒಂದು ರಾತ್ರಿ ನೆನೆಹಾಕಿ ಮೊಳಕೆ ಬರಿಸಿದರೆ, ಹಿಟ್ಟನ್ನು ಹುಳಿಬರಿಸಿದರೆ, ಮೇಲೆ ಹೇಳಿದ ಫೈಟೇಟ್ ಕಡಿಮೆಯಾಗಿ ಸತುವಿಗೆ ಬಿಡುಗಡೆಯಾಗುತ್ತದೆ. ನಮ್ಮ ಅಜ್ಜಿಯರು ಜೋಳದ ಹಿಟ್ಟನ್ನು ಹುಳಿಬರಿಸಿ ಅಂಬಲಿ ಕಾಸುತ್ತಿದ್ದರು. ಅವರಿಗೆ ಫೈಟೇಟ್ ಗೊತ್ತಿದ್ದಿಲ್ಲ, ಕೆಲಸ ಗೊತ್ತಿತ್ತು. ಎಳ್ಳಮಾವಾಸ್ಯೆಯ ಕಾಲಕ್ಕೆ ನಮ್ಮ ಕಡೆಯಲ್ಲಿ ಮಾಡುವ ಬಜ್ಜಿಯನ್ನು, ಅಂದರೆ ಹಸಿ ತೊಗರಿ, ಹಸಿ ಕಡಲೆ, ಸೊಪ್ಪುಗಳನ್ನು ಕೂಡಿಸಿ ಬೇಯಿಸುವದನ್ನು, ಖಾರ ಕಡಿಮೆಮಾಡಿ ಮೆತ್ತಗೆ ಅರೆದು ಈ ಮಗುವಿಗೆ ಕೊಟ್ಟರೆ ಬಹಳ ಒಳ್ಳೆಯದು. 2021ರ ಡಿಸೆಂಬರಿನಿಂದ ನಮ್ಮ ಜಿಲ್ಲೆಯ ಶಾಲೆಗಳಲ್ಲಿ ಮಕ್ಕಳಿಗೆ ಮೊಟ್ಟೆ ಕೊಡುವದು ಆರಂಭವಾಯಿತು; ಮಗುವು ಶಾಲೆಗೆ ಹೋಗಲಾರದ ದಿನಗಳಲ್ಲಿ ಆ ಮೊಟ್ಟೆಯು ಮನೆಯಲ್ಲಿಯಾದರೂ ಸಿಕ್ಕಬೇಕು.

ಬಾಯಿ ಹುಣ್ಣಾದಾಗ ರೊಟ್ಟಿ ನುಂಗುವದಾಗದು. ಹೆಸರುಬೇಳೆಯ ಖಿಚಡಿ, ಜೋಳದ ನುಚ್ಚು, ತುಪ್ಪ ಕಲಸಿದ ಅನ್ನ, ಬಾಳೆಹಣ್ಣು ಇವುಗಳನ್ನು ಆರಿಸಿ ಸ್ವಲ್ಪಸ್ವಲ್ಪವಾಗಿ ದಿನಕ್ಕೆ ಆರು ಸಾರಿ ಕೊಡಬೇಕು. ಯಾವುದೂ ರುಚಿಯಿಲ್ಲವೆಂದು ಮಗು ತಟ್ಟೆಯನ್ನು ನೂಕಿದರೆ ಹೊಡೆಯಬಾರದು; ಔಷಧವು ನಾಲಿಗೆಯನ್ನು ಕೆಡಿಸಿರುತ್ತದೆ. ವಿನ್‌ಕ್ರಿಸ್ಟೀನ್ ಎಂಬ ಚುಚ್ಚುಮದ್ದಾದ ಮೇಲೆ ಮಲಬದ್ಧತೆ ಆಗುತ್ತದೆ. ಆಗ ನೀರು, ಬೆಂದ ಪಲ್ಯ ಹೆಚ್ಚಾಗಿ ಬೇಕು. ಗುದದ್ವಾರದಲ್ಲಿ ಸಾಬೂನು, ಎನಿಮಾ ಮೊದಲಾದ ಯಾವುದನ್ನೂ ಹಾಕಬಾರದು; ಸೋಂಕು ಹತ್ತುತ್ತದೆ.

ಶುಚಿತ್ವದ ವಿಷಯದಲ್ಲಿ ಮಾತ್ರ ಬಹು ಕಟ್ಟುನಿಟ್ಟು. ಬಿಳಿ ಕಣಗಳು ಇಳಿದಿರುವಾಗ ನಮಗೆ ಏನೂ ಮಾಡದ ಹುಳುವು ಮಗುವನ್ನು ಕೊಲ್ಲಬಹುದು. ಮೊಳಕೆ ಕಾಳನ್ನು ಹೊಗಳಿದೆವು. ಆದರೆ ಈ ಮಗುವಿಗೆ ಹಸಿ ಮೊಳಕೆ ಬೇಡ, ಚೆನ್ನಾಗಿ ಬೇಯಿಸಿಯೇ ಕೊಡಬೇಕು. ಮೊಟ್ಟೆಯು ಒಳಗಿನ ಹಳದಿಯು ಗಟ್ಟಿಯಾಗುವಷ್ಟು ಬೇಯಬೇಕು. ಕುದಿಸಿ ಆರಿಸಿದ ನೀರು, ಕಾಸಿದ ಹಾಲು, ನಾವೇ ತೊಳೆದು ಸಿಪ್ಪೆ ಸುಲಿದ ಹಣ್ಣು, ಆಗಲೇ ಮಾಡಿದ ಬಿಸಿ ಅಡಿಗೆ. ರಾತ್ರಿಯ ತಂಗಳು ಬೇಡ. ಬಸ್ ನಿಲ್ದಾಣದ ಬಜಿ, ಕಬ್ಬಿನ ಹಾಲು, ಪಾನಿಪುರಿ ಬೇಡ. ಕಿರುಬಿಲ್ಲೆ ಏರಲೆಂದು ಕುಡಿಸುವ ಪಪ್ಪಾಯಿ ಎಲೆಯ ಹಸಿ ರಸವೂ ಬೇಡ. ಮನೆಯಲ್ಲಿ ಹೆಪ್ಪು ಹಾಕಿದ ಮೊಸರನ್ನು ಯಾವ ದಿನಗಳಲ್ಲಿ ಕೊಡಬಹುದೆಂದು ದವಾಖಾನೆಯಲ್ಲಿ ಕೇಳಿಕೊಳ್ಳಬೇಕು.

ಇನ್ನು ಒಂದು ಮೋಸವನ್ನು ಬಿಚ್ಚಿ ಹೇಳಬೇಕು. ಚಿಕಿತ್ಸೆಯಲ್ಲಿ ಪ್ರೆಡ್ನಿಸೊಲೋನ್ ಮುಂತಾದ ಸ್ಟೀರಾಯ್ಡ್ ಗುಳಿಗೆಗಳಿವೆ. ಅವುಗಳನ್ನು ನುಂಗುವ ವಾರಗಳಲ್ಲಿ ಮಗುವು ಮಧ್ಯರಾತ್ರಿಯಲ್ಲಿ ಎದ್ದು ಊಟ ಕೇಳುತ್ತದೆ, ಮುಖವು ದುಂಡಗಾಗುತ್ತದೆ. ನೆರೆಯವರು ಬಂದು ಹುಡುಗ ಮೈಕೈ ತುಂಬಿಕೊಂಡನು, ಇನ್ನು ಆ ವಿಷದ ಔಷಧ ಯಾಕೆ ಎನ್ನುತ್ತಾರೆ. ಸುಮಾರು ಒಂದು ತಿಂಗಳ ಚಿಕಿತ್ಸೆಯಾದ ಮೇಲೆ ಹೆಚ್ಚಿನ ಮಕ್ಕಳ ಪರೀಕ್ಷೆಯಲ್ಲಿ ರೋಗವು ಕಾಣಿಸದಂತೆಯೂ ಆಗುತ್ತದೆ. ಈ ಎರಡನ್ನೂ ನಂಬಿ ಔಷಧ ಬಿಟ್ಟವರ ಮನೆಯಲ್ಲಿ ರೋಗವು ತಿರಿಗಿ ಬರುತ್ತದೆ, ಬಂದಾಗ ಮೊದಲಿಗಿಂತ ಕಠಿಣವಾಗಿರುತ್ತದೆ. ಆ ಬಸವಕಲ್ಯಾಣದ ಕಡೆಯ ಮಗುವಿನ ಕಥೆಯು ಹೀಗೆಯೇ ಮುಗಿಯಿತು. ಎಲೆಯ ರಸವನ್ನು ಬಿಡಿಸಿ ದವಾಖಾನೆಗೆ ಕಳುಹಿಸಿದ್ದೆವು. ಮುಖ ತುಂಬಿಕೊಂಡದ್ದನ್ನು ನೋಡಿ ನಾಲ್ಕನೆಯ ತಿಂಗಳಲ್ಲಿ ಕರೆತಂದರು. ಅದರ ಸಮಾಧಿಯ ಬಳಿ ನಾವೇ ಪ್ರಾರ್ಥನೆ ಮಾಡಬೇಕಾಯಿತು. ಚಿಕಿತ್ಸೆಯು ಎರಡರಿಂದ ಮೂರು ವರುಷಗಳದ್ದು, ಕಡೆಯವರೆಗೆ ನಡಿಸಬೇಕು. ಶ್ರೀಮಂತ ದೇಶಗಳಲ್ಲಿ ಈ ರೋಗದ ಸಾಮಾನ್ಯ ಬಗೆಯಿಂದ ಬಾಧೆಪಡುವ 100 ಮಕ್ಕಳಲ್ಲಿ ಸುಮಾರು 90 ಮಂದಿ ಬದುಕುತ್ತಾರೆ. ನಮ್ಮಲ್ಲಿ ಅಷ್ಟು ಮಂದಿ ಬದುಕದಿರುವದಕ್ಕೆ ತಡವಾಗಿ ಹೋಗುವದೂ, ಸೊರಗುವದೂ, ನಡುವೆ ಬಿಟ್ಟುಬರುವದೂ ದೊಡ್ಡ ಕಾರಣಗಳು.

ದುಂಡು ಮುಖವು ನೀರೂ ಕೊಬ್ಬೂ ಆಗಿರಬಹುದು. ಅದೇ ವೇಳೆಯಲ್ಲಿ ತೋಳಿನ ಮಾಂಸವು ಕರಗುತ್ತಿರಬಹುದು. ಹೊಟ್ಟೆಯಲ್ಲಿ ಪಿತ್ತಜನಕಾಂಗ, ಗುಲ್ಮಗಳು ಊದಿರುವ ಮಗುವಿನ ತೂಕವೂ ಸುಳ್ಳು ಹೇಳುತ್ತದೆ. ಆದಕಾರಣ ತೋಳನ್ನು ಅಳೆಯಬೇಕು. ಅಂಗನವಾಡಿಯಲ್ಲಿ ಬಣ್ಣದ ಪಟ್ಟಿಯಿದೆ. ಆರು ತಿಂಗಳಿಂದ ಐದು ವರುಷದ ಮಗುವಿನ ಮೇಲ್ದೋಳಿನ ನಡುವಿನ ಸುತ್ತಳತೆಯು 12.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಸೊರಗಿದೆ, 11.5ಕ್ಕಿಂತ ಕಡಿಮೆಯಿದ್ದರೆ ಅಪಾಯದಲ್ಲಿದೆ. ಐದು ಮೀರಿದ ಮಗುವಿಗೆ ಈ ಅಂಕೆಗಳು ಹೊಂದುವದಿಲ್ಲ. ಆದರೂ ತಿಂಗಳಿಗೊಮ್ಮೆ ಅಳೆದು ಚೀಟಿಯಲ್ಲಿ ಬರೆದಿಟ್ಟರೆ ಇಳಿಯುತ್ತಿದೆಯೋ ಏರುತ್ತಿದೆಯೋ ತಿಳಿಯುತ್ತದೆ. ಆ ಚೀಟಿಯನ್ನು ಡಾಕ್ಟರರಿಗೆ ತೋರಿಸಿರಿ.

ಉಪವಾಸ ಪ್ರಾರ್ಥನೆಯ ವಿಷಯವನ್ನು ಕೆಲವರು ನಮ್ಮನ್ನು ಕೇಳಿದ್ದಾರೆ. ದೊಡ್ಡವರು ಉಪವಾಸವಿದ್ದು ಪ್ರಾರ್ಥಿಸಲಿ, ನಾವೂ ಕೂಡುತ್ತೇವೆ. ರೋಗದ ಮಗುವನ್ನು ಮಾತ್ರ ಉಪವಾಸ ಇಡಬಾರದು. ರಾತ್ರಿಯೆಲ್ಲಾ ಅದರ ಪಕ್ಕದಲ್ಲಿ ಕೂತು ಆರೈಕೆಮಾಡುವ ತಾಯಿಯೂ ಉಣ್ಣಬೇಕು. ದಾನಿಯೇಲನೂ ಅವನ ಸ್ನೇಹಿತರೂ ಹತ್ತು ದಿನ ಕಾಯಿಪಲ್ಯ ತಿಂದು ನೀರು ಕುಡಿದದ್ದನ್ನು ತೋರಿಸಿ ವಾದಿಸುವವರು, ಆ ಯೌವನಸ್ಥರು ರೋಗಿಗಳಾಗಿರಲಿಲ್ಲವೆಂಬದನ್ನು ಮರೆಯುತ್ತಾರೆ. ಔಷಧ ಕೊಡುವದು ಅಪನಂಬಿಕೆಯೆಂದು ಹೇಳುವವರಿಗೆ ಲೂಕನು ಯಾವ ವೃತ್ತಿಯವನಾಗಿದ್ದನೆಂಬದನ್ನು ಕೊಲೊಸ್ಸೆಯವರ ಪತ್ರದ ಕಡೆಯ ಅಧ್ಯಾಯದಲ್ಲಿ ನೋಡಲಿಕ್ಕೆ ಹೇಳಿರಿ.

ಸಭೆಯವರು ನೋಡಲಿಕ್ಕೆ ಹೋಗುವಾಗ ಬಿಸ್ಕೀಟಿನ ಪೊಟ್ಟಣವನ್ನೂ ಬಣ್ಣದ ಪಾನಕದ ಬಾಟಲಿಯನ್ನೂ ಒಯ್ಯುತ್ತಾರೆ. ಹತ್ತು ಜನ ಕೂಡಿ ಮಗುವಿನ ಹಾಸಿಗೆಯನ್ನು ಸುತ್ತುವರಿಯುತ್ತಾರೆ. ಪ್ರೀತಿಯೇನೋ ಸರಿ. ಅದರ ಬದಲಾಗಿ ವಾರಕ್ಕೊಂದು ಡಜನ್ ಮೊಟ್ಟೆ, ಒಂದು ಸೇರು ಬೇಳೆ, ದವಾಖಾನೆಗೆ ಹೋಗುವ ಬಸ್ಸಿನ ಹಣ ಇವುಗಳನ್ನು ಬಾಗಿಲಲ್ಲಿ ಕೊಟ್ಟು ಅಂಗಳದಲ್ಲಿ ನಿಂತು ಪ್ರಾರ್ಥಿಸಬಹುದು. ನಮ್ಮ ಹೆಂಗಸರು ಅಡಿಗೆಗೆ ಮುಂಚೆ ತೆಗೆದಿಡುವ ಹಿಡಿಧಾನ್ಯದ ಕಾಣಿಕೆಯಿಂದ ಒಂದು ಪಾಲನ್ನು ಇದಕ್ಕಾಗಿ ಇಡಬಹುದೆಂದು ನಮ್ಮ ಅಭಿಪ್ರಾಯ.

ಎಲ್ಲಿಗೆ ಹೋಗಬೇಕೆಂಬದನ್ನೂ ಹೇಳುತ್ತೇವೆ. ಬೀದರದ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ರಕ್ತಪರೀಕ್ಷೆಯಾಗುತ್ತದೆ. 1973ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ಶಾಖೆಯು ಕಲಬುರಗಿಯಲ್ಲಿದೆ. 1956ರವರೆಗೆ ನಮ್ಮ ಬೀದರವು ಹೈದರಾಬಾದಿಗೆ ಸೇರಿದ್ದರಿಂದ ಇಂದಿಗೂ ಅನೇಕರು ಹೈದರಾಬಾದಿನ ಎಂ.ಎನ್.ಜೆ. ಕ್ಯಾನ್ಸರ್ ಆಸ್ಪತ್ರೆಗೆ ಹೋಗುತ್ತಾರೆ. ಮುಂಬಯಿಯಲ್ಲಿ 1941ರಿಂದ ಟಾಟಾ ಸ್ಮಾರಕ ಆಸ್ಪತ್ರೆಯಿದೆ. 2017ರಲ್ಲಿ ಬೀದರ-ಕಲಬುರಗಿ ರೈಲುದಾರಿ ತೆರೆದ ಮೇಲೆ ಹುಮನಾಬಾದದವರಿಗೆ ಪ್ರಯಾಣವು ಸುಲಭವಾಗಿದೆ. ಕ್ಯಾನ್ಸರಿನ ರೋಗಿಗೂ ಜೊತೆಗಾರನೊಬ್ಬನಿಗೂ ರೈಲಿನಲ್ಲಿ ರಿಯಾಯಿತಿಯುಂಟು. ಬಿ.ಪಿ.ಎಲ್. ಪಡಿತರ ಚೀಟಿಯಿದ್ದವರಿಗೆ ಆಯುಷ್ಮಾನ್ ಭಾರತ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಒಂದು ಕುಟುಂಬಕ್ಕೆ ವರುಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯ ಸಹಾಯವಿದೆ. ರಾಜ್ಯದ ಹೊರಗೆ ಹೋಗುವವರು ಚೀಟಿಯು ಅಲ್ಲಿ ನಡೆಯುವದೋ ಎಂದು ಮೊದಲೇ ವಿಚಾರಿಸಬೇಕು. ಹೊಲವನ್ನು ಮಾರುವದಕ್ಕೆ ಮುಂಚೆ ಉಪದೇಶಿಯನ್ನಾಗಲಿ ಮಾಸ್ತರರನ್ನಾಗಲಿ ಸಂಗಡ ಕರೆದುಕೊಂಡು ಹೋಗಿ ಈ ಕಾಗದಪತ್ರಗಳನ್ನು ಮಾಡಿಸಿಕೊಳ್ಳಿರಿ.

ಕಡೆಯದಾಗಿ ಜ್ವರದ ಮಾತು. ಚಿಕಿತ್ಸೆಯಲ್ಲಿರುವ ಮಗುವಿನ ಮೈ 38 ಡಿಗ್ರಿ, ಅಂದರೆ ಹಳೆಯ ಅಳತೆಯಲ್ಲಿ 100.4 ಡಿಗ್ರಿ ಮುಟ್ಟಿದರೆ, ಹಗಲಾಗಲಿ ರಾತ್ರಿಯಾಗಲಿ, ಕೂಡಲೇ ದವಾಖಾನೆಗೆ ಹೊರಡಬೇಕು. ಜ್ವರದ ಗುಳಿಗೆ ಕೊಟ್ಟು ಬೆಳಗಿನವರೆಗೆ ನೋಡೋಣವೆಂದರೆ, ಜ್ವರವು ಅಡಗಿದಂತೆ ತೋರಿ ಸೋಂಕು ಒಳಗೇ ಬೆಳೆಯುತ್ತದೆ. ನಾವು ಮೊದಲು ಹೇಳಿದ ಹುಡುಗನಿಗೆ ಈಗ ಮೂರನೆಯ ವರುಷ ನಡೆಯುತ್ತಿದೆ, ಕೂದಲು ತಿರಿಗಿ ಬಂದಿದೆ, ಶಾಲೆಗೂ ಹೋಗುತ್ತಾನೆ. ಹೋದ ತಿಂಗಳು ಅವರ ಮನೆಗೆ ಹೋದಾಗ ತಾಯಿಯು ಬೇಳೆಯನ್ನು ಕಡೆಯುತ್ತಾ ಕುಳಿತಿದ್ದಳು. ಗೂಡಿನಲ್ಲಿ ಒಂದು ಜ್ವರಮಾಪಕವೂ ಒಂದು ತಗಡಿನ ಡಬ್ಬಿಯಲ್ಲಿ ಐನೂರು ರೂಪಾಯಿಯೂ ಇದ್ದವು. ಓಣಿಯ ಜೀಪಿನವನ ಫೋನ್ ನಂಬರನ್ನು ಅಜ್ಜಿಯು ಮೊಮ್ಮಗನಿಂದಲೇ ಗೋಡೆಯ ಮೇಲೆ ಇದ್ದಿಲಿನಲ್ಲಿ ದೊಡ್ಡದಾಗಿ ಬರೆಸಿದ್ದಳು.